ಡ್ರಾಯಿಂಗ್ ಇಲ್ಲದ ಜಾಬ್ ಒಂದು ಬೇಕು

ಗಂಟು ಬಂದ ಕಟ್ಟಿಗೆ ನಮ್ಮ ಕಡೆ ಯಾರಿಗೂ ಬೇಡ. ಚಿಕ್ಕೋಡಿ, ರಾಯಬಾಗ, ಅಥಣಿ ಕಡೆಯ ಸಾ ಮಿಲ್ಲುಗಳಲ್ಲಿ ನೋಡಿ. ನೆಟ್ಟಗಿನ ಬೇವು, ಜಾಲಿ, ತೇಗ ಒಂದು ಬದಿಗೆ. ಮೈಮೇಲೆ ಗಡ್ಡೆ ಎದ್ದ ತುಂಡುಗಳು ಇನ್ನೊಂದು ಬದಿಗೆ. ಎರಡನೇ ರಾಶಿ ಬೆಲ್ಲದ ಗಾಣದ ಒಲೆಗೋ ಇಟ್ಟಿಗೆ ಭಟ್ಟಿಗೋ ಹೋಗುತ್ತದೆ. ಹಲಗೆ ಬರುವುದಿಲ್ಲ, ಕೊಡಲಿಗೂ ಸೀಳುವುದಿಲ್ಲ ಎಂಬುದು ಅದರ ಮೇಲಿನ ದೂರು.

ಈ ಗಡ್ಡೆಗೆ ಇಂಗ್ಲಿಷಿನಲ್ಲಿ ಬರ್ ಎನ್ನುತ್ತಾರೆ. ಮೆಕ್ಯಾನಿಕಲ್ ಓದುವ ನಮಗೆ ಈ ಪದ ಬೇರೆ ಅರ್ಥದಲ್ಲಿ ಪರಿಚಿತ: ಲೋಹ ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ ಚೂಪು ಸಿಬಿರು. ಫೈಲ್ ಹಿಡಿದು ಉಜ್ಜಿ ತೆಗೆಯುವ ತನಕ ಇನ್‌ಸ್ಟ್ರಕ್ಟರ್ ಜಾಬ್ ಮುಟ್ಟುವುದಿಲ್ಲ. ಮರದ ಬರ್ ಹುಟ್ಟುವುದು ಬೇರೆ ರೀತಿ. ಪೆಟ್ಟು ಬಿದ್ದಲ್ಲಿ ಅಥವಾ ಸೋಂಕು ತಗುಲಿದಲ್ಲಿ, ಚಿಗುರಬೇಕಾದ ಮೊಗ್ಗುಗಳು ಟೊಂಗೆಯಾಗದೆ ಅಲ್ಲಲ್ಲೇ ಗುಂಪುಗೂಡುತ್ತವೆ. ವರ್ಷಗಟ್ಟಲೆ ಅವುಗಳ ಸುತ್ತ ಕಟ್ಟಿಗೆ ಬೆಳೆದು ಎಳೆಗಳು ಸುರುಳಿ ಸುತ್ತಿಕೊಳ್ಳುತ್ತವೆ. ಕೊಡಲಿ ಸೋಲುವುದು ಈ ಸುರುಳಿಗೆ. ಕಡೆದಾಗ ಕಾಣುವ ಕಣ್ಣುಕಣ್ಣಿನ ಚಿತ್ತಾರವೂ ಇದರದ್ದೇ.

ಇದನ್ನು ನಾನು ಕಲಿತದ್ದು ಕಾಲೇಜಿನಲ್ಲಲ್ಲ. ನಾಲ್ಕನೇ ಸೆಮಿಸ್ಟರ್ ಮುಗಿದ ರಜೆಯಲ್ಲಿ ನಮ್ಮೂರ ಬಡಿಗೇರ ಕಾಕಾನ ಶೆಡ್ಡಿನಲ್ಲಿ ಮೂರು ವಾರ ಕಳೆದೆ. ಅವರ ಮರದ ಲೇತ್ ಮೇಲೆ ಮಂಚದ ಕಾಲು, ತೊಟ್ಟಿಲ ಕಂಬಿ, ಲಟ್ಟಣಿಗೆ ತಯಾರಾಗುತ್ತವೆ. ರಸ್ತೆ ಅಗಲ ಮಾಡಲು ಚಳಿಗಾಲದಲ್ಲಿ ಕಡಿದಿದ್ದ ಬೇವಿನ ಗಡ್ಡೆಯೊಂದು ಅಂಗಳದಲ್ಲಿ ಬಿದ್ದಿತ್ತು. ಗಡ್ಡೆಯ ಹೊರಮೈಯನ್ನೇ ಅಂಚಾಗಿ ಉಳಿಸಿ ಬಟ್ಟಲು ಕಡೆಯುವ ವಿಡಿಯೊ ತೋರಿಸಿದೆ. ಎರಡು ಸಲ ನೋಡಿ, "ಆತು ತಮ್ಮಾ, ಹಚ್ಚಿ ನೋಡೂಣು" ಅಂದರು.

ಕೊಯ್ದ ಚಪ್ಪಟೆ ಬದಿ ತಳ, ತೊಗಟೆಯ ಬದಿ ಬಾಯಿ. ತಳಕ್ಕೆ ಫೇಸ್ ಪ್ಲೇಟ್ ಇಟ್ಟು ದಪ್ಪ ಸ್ಕ್ರೂ ಬಿಗಿದೆವು. ತೊಗಟೆ ಉಳಿಯಬೇಕೆಂದರೆ ಚಳಿಗಾಲದ ಮರವೇ ಒಳ್ಳೆಯದು. ರಸ ಏರುವ ಕಾಲದಲ್ಲಿ ಕಡಿದರೆ ತೊಗಟೆ ಸುಲಭವಾಗಿ ಕಳಚುತ್ತದೆ. ಗಡ್ಡೆಯ ಅಂಚು ಏರಿಳಿತದ್ದು, ಹಾಗಾಗಿ ತಿರುಗುವಾಗ ಉಳಿ ಅರ್ಧ ಸುತ್ತು ಕಟ್ಟಿಗೆಗೆ, ಅರ್ಧ ಸುತ್ತು ಬರೀ ಗಾಳಿಗೆ. ಟಕ್ ಟಕ್ ಎಂದು ಕೈಗೆ ಬಡಿಯುತ್ತದೆ. ಗಾಳಿಯ ಜಾಗದಲ್ಲಿ ಉಳಿಯನ್ನು ಒತ್ತಿದರೆ ಮುಂದಿನ ಏರು ಬಂದು ಅದನ್ನು ಕಿತ್ತೆಸೆಯುತ್ತದೆ. ಒತ್ತದೆ, ಸಡಿಲವನ್ನೂ ಬಿಡದೆ, ಕಣ್ಣಿಗೆ ಕಾಣದ ಅಂಚಿನ ಮೇಲೆ ಉಳಿ ಸಾಗಬೇಕು. ತಿರುಗುವಾಗ ಆ ಅಂಚು ಮಬ್ಬು ನೆರಳಿನಂತೆ ಕಾಣುತ್ತದೆ. ಬೆರಳು ಅಲ್ಲಿಗೆ ಹೋಗಲೇಬಾರದು. ಮುಖಕ್ಕೆ ಶೀಲ್ಡ್ ಬೇಕೇ ಬೇಕು. ಗಡ್ಡೆಯೊಳಗೆ ಅಡಗಿದ ಬಿರುಕು, ಸಡಿಲ ತೊಗಟೆ ಯಾವಾಗ ಹಾರುತ್ತದೋ ತಿಳಿಯದು.

ಲೆಕ್ಕ ಇಷ್ಟಪಡುವವರಿಗೆ ಒಂದು ಮಾತು. 200 ಮಿ.ಮೀ. ವ್ಯಾಸದ ಬಟ್ಟಲು 600 ಆರ್‌ಪಿಎಂನಲ್ಲಿ ತಿರುಗಿದರೆ ಅಂಚಿನ ವೇಗ ನಿಮಿಷಕ್ಕೆ ಸುಮಾರು 377 ಮೀಟರ್. ಹೈಸ್ಪೀಡ್ ಸ್ಟೀಲ್ ಟೂಲಿನಿಂದ ಮೈಲ್ಡ್ ಸ್ಟೀಲ್ ಕಡೆಯುವಾಗ ನಾವು 30ರ ಆಸುಪಾಸು ಬರೆಯುತ್ತೇವೆ. ಅಲ್ಲಿ ಟೂಲನ್ನು ಯಂತ್ರ ಹಿಡಿದಿರುತ್ತದೆ. ಇಲ್ಲಿ ಹಿಡಿದದ್ದು ನನ್ನ ಕೈ.

ಒಳಗೆ ಕೊರೆಯುವಾಗ ಕಾಕಾ ಒಂದೇ ಸೂಚನೆ ಕೊಟ್ಟರು: "ಮ್ಯಾಗಿಂದ ಮುಗಿಸ್ಕೋತ ಕೆಳಗ ಇಳಿ. ಇಳದ ಮ್ಯಾಲ ತಿರುಗಿ ಹತ್ತಬ್ಯಾಡ." ಒಳಗಿನ ಕಟ್ಟಿಗೆ ಖಾಲಿಯಾದಂತೆ ಅಂಚಿಗೆ ಆಧಾರ ತಪ್ಪುತ್ತದೆ, ಒತ್ತಡ ಸಡಿಲಾಗಿ ಅದು ಆಕಾರ ಬದಲಿಸುತ್ತದೆ. ಆಮೇಲೆ ಉಳಿ ತಾಗಿಸಿದರೆ ಒಡೆಯುತ್ತದೆ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪುಸ್ತಕದ ಒಂದಿಡೀ ಅಧ್ಯಾಯ ಈ ಎರಡು ವಾಕ್ಯದಲ್ಲಿದೆ.

ನಮ್ಮ ಲ್ಯಾಬ್‌ಗಳಲ್ಲಿ ಹೀಗೆ ನಡೆಯುವುದಿಲ್ಲ. ಎಲ್ಲರಿಗೂ ಒಂದೇ ಅಳತೆಯ ಮೈಲ್ಡ್ ಸ್ಟೀಲ್ ರಾಡ್, ಒಂದೇ ಡ್ರಾಯಿಂಗ್. ಸ್ಟೆಪ್ ಟರ್ನಿಂಗ್, ಟೇಪರ್, ನರ್ಲಿಂಗ್ ಮಾಡಿ ವರ್ನಿಯರ್ ಹಿಡಿದು ರೆಕಾರ್ಡ್ ಬರೆದರೆ ಮುಗಿಯಿತು. ಅದು ಬೇಡವೆನ್ನುತ್ತಿಲ್ಲ, ಟಾಲರೆನ್ಸ್ ಗೊತ್ತಿಲ್ಲದವನು ಎಂಜಿನಿಯರ್ ಆಗಲಾರ. ಆದರೆ ಡ್ರಾಯಿಂಗ್ ಇದ್ದ ಕೆಲಸವನ್ನು ಸಿಎನ್‌ಸಿ ನನಗಿಂತ ಚೆನ್ನಾಗಿ ಮಾಡುತ್ತದೆ. ಕಚ್ಚಾ ವಸ್ತು ಹೇಳಿದಂತೆ ಕೇಳದಿದ್ದಾಗ ಏನು ಮಾಡಬೇಕೆಂದು ನಾಲ್ಕು ವರ್ಷದಲ್ಲಿ ಒಂದು ಸಲವಾದರೂ ನಮ್ಮನ್ನು ಕೇಳಬೇಡವೇ?

ನಮ್ಮ ನಾಡಿನಲ್ಲಿ ಕಡೆಯುವ ಕಲೆಗೆ ಬರವಿಲ್ಲ. ಕಾಗವಾಡ ಕಡೆಯಿಂದ ಕೃಷ್ಣೆ ದಾಟಿದರೆ ಸಿಗುವ ಖಿದ್ರಾಪುರದ ಕೋಪೇಶ್ವರ ಗುಡಿಯಲ್ಲಿ ಕಲ್ಲಿನ ಕಂಬಗಳೇ ಲೇತ್ ಮೇಲೆ ತಿರುಗಿ ಬಂದಂತಿವೆ. ಕಲಘಟಗಿಯ ಬಣ್ಣದ ತೊಟ್ಟಿಲಿದೆ. ಚನ್ನಪಟ್ಟಣದ ಗೊಂಬೆಗಳಿವೆ, ಅಲ್ಲಿ ತಿರುಗುವ ಹಾಲೆಮರದ ಮೇಲೆ ಅರಗಿನ ಕಡ್ಡಿ ಒತ್ತಿದರೆ ಘರ್ಷಣೆಯ ಬಿಸಿಗೇ ಬಣ್ಣ ಕರಗಿ ಹತ್ತುತ್ತದೆ. ಇವೆಲ್ಲಕ್ಕೂ ಬೇಕಾದದ್ದು ಸಮ ವಸ್ತು, ಸಮ ಆಕಾರ. ಗಂಟನ್ನು ಮೊದಲೇ ಆರಿಸಿ ತೆಗೆದಿರುತ್ತಾರೆ.

ಆ ಗಂಟನ್ನೇ ಎತ್ತಿಕೊಂಡವರಲ್ಲಿ ಅಮೆರಿಕದ ಮೆಲ್ವಿನ್ ಲಿಂಡ್‌ಕ್ವಿಸ್ಟ್ ಒಬ್ಬರು. ಅವರ ಹೊಟ್ಟೆಪಾಡು ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ: ಮೊದಲು ಲೋಹದ ಲೇತ್ ಮೇಲೆ, ನಂತರ ಕ್ವಾಲಿಟಿ ಕಂಟ್ರೋಲ್‌ನಲ್ಲಿ. ಅಳತೆ ತಪ್ಪಿದ್ದನ್ನು ಹಿಡಿಯುವುದೇ ನೌಕರಿಯಾಗಿದ್ದ ಮನುಷ್ಯ, ಮನೆಯ ಲೇತ್ ಮೇಲೆ ಗಡ್ಡೆಗಳನ್ನೂ ಶಿಲೀಂಧ್ರ ಹಿಡಿದ ಮರವನ್ನೂ ಕಡೆದರು. ಮಗ ಮಾರ್ಕ್ ಕೂಡ ಅದೇ ಹಾದಿ ಹಿಡಿದರು. ಅವರ ಕೆಲಸ ಇಂದು ಮ್ಯೂಸಿಯಂಗಳಲ್ಲಿದೆ. ಎರಡೂ ಕೆಲಸಗಳಿಗೆ ಒಂದೇ ಕೈ ಸಾಕಾಯಿತು ಎಂಬುದು ನನಗೆ ಹಿಡಿಸಿದ್ದು.

ಬಟ್ಟಲು ಮನೆಗೆ ತಂದಾಗ ಅಪ್ಪ ತಿರುಗಿಸಿ ನೋಡಿ, ಅಂಚಿನ ತೂತಿನಲ್ಲಿ ಬೆರಳು ತೂರಿಸಿ, "ಇದರಾಗ ಸಾರು ನಿಂದರತೈತೇನು?" ಅಂದರು. ಕಬ್ಬಿನ ಬಿಲ್ಲಿನಲ್ಲಿ ಫೀ ಕಟ್ಟುವವರ ಪ್ರಶ್ನೆ ಅದು, ನಗಲಾಗದು. ಇಂಥ ಬಟ್ಟಲು ಮಾರಿ ನಿಪ್ಪಾಣಿಯಲ್ಲೋ ಚಿಕ್ಕೋಡಿಯಲ್ಲೋ ಸಂಸಾರ ಸಾಗಿಸಬಹುದೆಂದು ನಾನು ಹೇಳಲಾರೆ. ನನಗೂ ನೌಕರಿ ಬೇಕು. ಪುಣೆಗೋ ಕೊಲ್ಲಾಪುರಕ್ಕೋ ಹೋಗುವವರ ಸಾಲಿನಲ್ಲಿ ನಾನೂ ಇದ್ದೇನೆ.

ನನ್ನ ತಕರಾರು ಇಂಟರ್ನ್‌ಶಿಪ್ ಬಗ್ಗೆ. ಬಿಇಗೆ ಅದು ಕಡ್ಡಾಯ. ದುಡ್ಡು ಕಟ್ಟಿ, ನಾಲ್ಕು ಆನ್‌ಲೈನ್ ಕ್ಲಾಸ್ ಕೇಳಿ, ಬಣ್ಣದ ಸರ್ಟಿಫಿಕೇಟ್ ಪಡೆದವರು ಎಲ್ಲ ಕಾಲೇಜಿನಲ್ಲೂ ಸಿಗುತ್ತಾರೆ. ಉಳಿ ಹಿಡಿದ ನನ್ನ ಮೂರು ವಾರ ಲೆಕ್ಕಕ್ಕಿಲ್ಲ. ಕಾಕಾನ ಶೆಡ್ಡಿಗೆ ಲೆಟರ್‌ಹೆಡ್ ಇಲ್ಲ, ಜಿಎಸ್‌ಟಿ ನಂಬರ್ ಇಲ್ಲ. ಬಡಿಗೇರರು, ಕಮ್ಮಾರರು, ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರು, ಇವರಲ್ಲಿ ಕೆಲವರನ್ನಾದರೂ ಕಾಲೇಜುಗಳೇ ಗುರುತಿಸಿ ಇಂಟರ್ನ್‌ಶಿಪ್‌ಗೆ ಒಪ್ಪಬೇಕು. ಹಾಜರಿಯನ್ನು ನಮ್ಮ ಗೈಡ್ ಬಂದು ನೋಡಲಿ, ವೈವಾದಲ್ಲಿ ಬಟ್ಟಲನ್ನು ಮುಂದಿಟ್ಟು ಪ್ರಶ್ನೆ ಕೇಳಲಿ. ಗೋಡೆಯ ದಪ್ಪ ಇಲ್ಲಿ ಯಾಕೆ ಹೆಚ್ಚು, ತಳ ಯಾಕೆ ಇಷ್ಟು ಸಣ್ಣದು ಎಂದು ಕೇಳಿದರೆ ಕಾಪಿ ಹೊಡೆದವನು ಉತ್ತರಿಸಲಾರ. ವರ್ಕ್‌ಶಾಪ್ ಲ್ಯಾಬಿನಲ್ಲೂ ಡ್ರಾಯಿಂಗ್ ಇಲ್ಲದ ಜಾಬ್ ಒಂದಿರಲಿ. ಖರ್ಚೂ ದೊಡ್ಡದಲ್ಲ: ಸೌದೆಯ ದರಕ್ಕೆ ಸಿಗುವ ಗಡ್ಡೆ, ಒಂದು ಫೇಸ್ ಪ್ಲೇಟ್, ಹರಿತವಾದ ಉಳಿ. ಹಾಗೆಂದು ನಿಂತ ಮರದ ಗಡ್ಡೆಗೆ ಯಾರೂ ಗರಗಸ ಹಚ್ಚಬೇಡಿ, ಅದು ಮರಕ್ಕೆ ಆಗುವ ದೊಡ್ಡ ಗಾಯ. ಬಿದ್ದ ಮರಗಳದ್ದೇ ಸಾಕಷ್ಟಿದೆ.

ಮಳೆ ನಿಂತ ಮೇಲೆ ನಮ್ಮೂರ ಕಡೆ ಇಟ್ಟಿಗೆ ಭಟ್ಟಿಗಳು ಹೊತ್ತಿಕೊಳ್ಳುತ್ತವೆ. ಅಷ್ಟರೊಳಗೆ ನಾಲ್ಕು ಗಡ್ಡೆ ತೆಗೆದಿಡಲು ಸಾ ಮಿಲ್ಲಿನವರಿಗೆ ಹೇಳಿದ್ದೇನೆ. ಎರಡನ್ನು ನನ್ನ ಕ್ಲಾಸಿನವರು ಈಗಾಗಲೇ ಕೇಳಿಟ್ಟಿದ್ದಾರೆ.