ಕುದುರೆಗೆ ಹುಲ್ಲು ಹಾಕಿದವನ ಹೆಸರೇನು?

ವೇಡ್ ಹ್ಯಾಂಪ್ಟನ್ ಮಹಾವೀರ, ಪಾಪ, ಯುದ್ಧದಲ್ಲಿ ಎಷ್ಟೊಂದು ಕಳಕೊಂಡ ಅಂತ ಮರುಗೋರ ಹತ್ತಿರ ನನ್ನದೊಂದು ತಕರಾರಿದೆ. ಕಳಕೊಂಡದ್ದು ಸುಳ್ಳಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದವರ ಅಶ್ವದಳ ನಡೆಸಿದವನು ಈತ. 1863ರಲ್ಲಿ ತಮ್ಮ ಫ್ರಾಂಕ್ ಸತ್ತ. 1864ರಲ್ಲಿ ಮಗ ಪ್ರೆಸ್ಟನ್ ಸತ್ತ. ಅದೇ ಕಾಳಗದಲ್ಲಿ ಇನ್ನೊಬ್ಬ ಮಗ ಗಾಯಗೊಂಡ.

ಆದರೆ ಸ್ವಾಮಿ, ಯುದ್ಧ ಯಾತಕ್ಕೆ? ಈ ಮನೆತನಕ್ಕೆ ದಕ್ಷಿಣ ಕೆರೊಲಿನಾ, ಮಿಸಿಸಿಪ್ಪಿಗಳಲ್ಲಿ ತೋಟಗಳು, ದುಡಿಯೋಕೆ ನೂರಾರು ಗುಲಾಮರು. 1860ರಲ್ಲಿ ದಕ್ಷಿಣ ಕೆರೊಲಿನಾದ ನೂರು ಜನರಲ್ಲಿ 57 ಜನ ಗುಲಾಮರೇ. ಆ ವರ್ಷದ ಗುಲಾಮರ ಗಣತಿ ಪಟ್ಟಿ ನೋಡಿ: ಧಣಿಗೆ ಹೆಸರಿದೆ. ಗುಲಾಮರಿಗೆ ಸಾಮಾನ್ಯವಾಗಿ ವಯಸ್ಸು, ಲಿಂಗ, ಬಣ್ಣ, ಅಷ್ಟೇ. ಡೇಟಾಬೇಸ್ ಕೆಲಸ ಮಾಡೋ ನನಗೆ ಗೊತ್ತು, ಯಾವ ಕಾಲಂ ಬೇಡ ಅನ್ನೋದನ್ನ ಯಾರೋ ಕೂತು ತೀರ್ಮಾನ ಮಾಡಿರ್ತಾರೆ. ಮಕ್ಕಳನ್ನ ಧಣಿ ಮಾರಿಬಿಟ್ಟರೆ ಆ ಅಪ್ಪ ಅಮ್ಮಂದಿರು ಯಾರ ಹೆಸರು ಹಿಡಿದು ಹುಡುಕಬೇಕಿತ್ತು?

ಸೋತ ಮೇಲಾದರೂ ಬುದ್ಧಿ ಬಂತಾ? 1876ರ ಚುನಾವಣೆಯಲ್ಲಿ ಕೆಂಪಂಗಿಯ ದಳಗಳು ಕರಿಯ ಮತದಾರರನ್ನ ಹೆದರಿಸಿ, ಕೊಂದು, ಇವನನ್ನ ಗವರ್ನರ್ ಮಾಡಿದವು. ಇವನು ಮಾತ್ರ ಸೌಮ್ಯವಾಗೇ ಮಾತಾಡಿದ ಅಂತಾರೆ. ದೊಣ್ಣೆ ಬೇರೆಯವರ ಕೈಲಿದ್ದಾಗ ಸೌಮ್ಯವಾಗಿರೋದು ಯಾವ ಕಷ್ಟ?

ಕೊಲಂಬಿಯಾದ ಶಾಸನಸಭೆ ಆವರಣದಲ್ಲಿ ಇವತ್ತೂ ಕುದುರೆ ಮೇಲೆ ಕೂತಿದ್ದಾನೆ. ಹೊಲ ಕಂಡರೆ ಗೇಯ್ದವರು ಯಾರು ಅಂತ ಕೇಳೋ ಹಳ್ಳಿಯವನು ನಾನು. ಮಗನನ್ನ ಕಳಕೊಂಡ ಅಪ್ಪನಿಗೆ ಮರುಗಿ, ಬೇಡ ಅನ್ನಲ್ಲ. ಆ ಕುದುರೆಗೆ ಹುಲ್ಲು ಹಾಕಿದವನಿಗೂ ಮಗ ಇದ್ದ ಅನ್ನೋದನ್ನ ಮರೆತು ಮರುಗಬೇಡಿ.