ಕಪಾಟು ಹೇಳುವ ಮಾತು

ಯಾರದಾದರೂ ಮನೆಗೆ ಹೋದಾಗ ನೀವು ಮೊದಲು ಏನನ್ನು ನೋಡುತ್ತೀರಿ? ಕೆಲವರು ಟಿ.ವಿ.ಯನ್ನು ನೋಡುತ್ತಾರೆ, ಕೆಲವರು ಗೋಡೆಯ ಮೇಲಿನ ಫೋಟೋಗಳನ್ನು ನೋಡುತ್ತಾರೆ. ನನ್ನ ಕಣ್ಣು ಪುಸ್ತಕಗಳನ್ನು ಹುಡುಕುತ್ತದೆ. ಅವುಗಳಿಗೆ ಕಪಾಟೇ ಬೇಕೆಂದಿಲ್ಲ. ಅಕ್ಕಲಕೋಟ ತಾಲೂಕಿನ ಕರಜಗಿಯಂಥ ಊರಿನಲ್ಲಿ ಅವು ಗೋಡೆಯ ಮಾಡದಲ್ಲಿರಬಹುದು, ಮಂಚದ ಕೆಳಗಿನ ಟ್ರಂಕಿನಲ್ಲಿರಬಹುದು, ದೇವರ ಜಗಲಿಯ ಮೇಲೆ ಬಟ್ಟೆಯಲ್ಲಿ ಸುತ್ತಿಟ್ಟಿರಲೂಬಹುದು. ಎಲ್ಲೇ ಇರಲಿ, ಮನೆಯವರ ಬಗ್ಗೆ ಒಂದಿಷ್ಟು ಹೇಳಿಯೇ ಬಿಡುತ್ತವೆ.

ಪುಸ್ತಕ ಎಷ್ಟಿವೆ ಎಂದು ಎಣಿಸಿ ಮನೆಯವರನ್ನು ಅಳೆಯುವುದನ್ನು ನಾನು ಒಪ್ಪುವುದಿಲ್ಲ. ಗಾಜಿನ ಬಾಗಿಲು, ಅದಕ್ಕೊಂದು ಬೀಗ, ಒಳಗೆ ಒಂದಿಷ್ಟೂ ಮಾಸದ ರಟ್ಟುಗಳು. ಇಷ್ಟರಿಂದ ತಿಳಿಯುವುದು ಕೊಳ್ಳುವ ಶಕ್ತಿಯೊಂದೇ. ರಟ್ಟು ಹರಿದು ದಾರದಿಂದ ಹೊಲಿದ ಪುಸ್ತಕ, ಅಂಚಿನಲ್ಲಿ ಎಳೆದ ಪೆನ್ಸಿಲಿನ ಗೆರೆ, ಗುರುತಿಗೆಂದು ನಡುವೆ ಇಟ್ಟ ಹಳೆಯ ಎಸ್.ಟಿ. ಟಿಕೀಟು, ಇವು ಓದಿದವರ ಗುರುತುಗಳು.

ಪೂಜೆ ಮಾಡಿದ ಮಾತ್ರಕ್ಕೆ ಓದಿದಂತಾಗುವುದಿಲ್ಲ. ಭೀಮಾ ನದಿಯಾಚೆಯ ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಇದನ್ನು ಕಣ್ಣಾರೆ ಕಂಡವರು. ಶರಣರ ವಚನಗಳಿದ್ದ ತಾಳೆಗರಿಯ ಕಟ್ಟುಗಳು ಎಷ್ಟೋ ಮನೆ ಮಠಗಳಲ್ಲಿ ಓದುವವರಿಲ್ಲದೆ ಕುಳಿತಿದ್ದವು. ಅವರು ಊರೂರು ತಿರುಗಿ ಅವನ್ನು ಕೂಡಿಸಿದರು, 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದರು. ಮುಂದೆ ಮುದ್ರಣಾಲಯಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಪುಸ್ತಕಕ್ಕಾಗಿ ಮನೆ ಮಾರಿದವರು ಇವರಾದರೆ, ಪುಸ್ತಕಕ್ಕಾಗಿ ಮನೆ ಕಟ್ಟಿಸಿದವರು ಡಾ. ಬಾಬಾಸಾಹೇಬ ಅಂಬೇಡ್ಕರರು. 1930ರ ದಶಕದಲ್ಲಿ ಮುಂಬಯಿಯ ದಾದರದಲ್ಲಿ ಎದ್ದ ‘ರಾಜಗೃಹ’ವನ್ನು ಅವರು ತಮ್ಮ ಗ್ರಂಥಗಳಿಗೆ ಸಾಕಷ್ಟು ಜಾಗವಿರಬೇಕೆಂದೇ ಕಟ್ಟಿಸಿದರು.

ಹಾಗೆಂದು ಪುಸ್ತಕವಿಲ್ಲದ ಮನೆಯನ್ನು ಕಂಡು ಮೂಗು ಮುರಿಯಬೇಡಿ. ಬೀಸುವ ಕಲ್ಲಿನ ಮುಂದೆ ಕುಳಿತು ಹಾಡಿನ ಮೇಲೆ ಹಾಡು ಹೇಳುವ ಅಜ್ಜಿಗೆ ಕಪಾಟು ಏಕೆ ಬೇಕು?

ನಮ್ಮ ಗಡಿಭಾಗದ ಕಪಾಟುಗಳಿಗೆ ಇನ್ನೊಂದು ಚೆಲುವಿದೆ. ಅಲ್ಲಿ ಕನ್ನಡದ ವಚನಗಳ ಪಕ್ಕದಲ್ಲೇ ಮರಾಠಿಯ ‘ಜ್ಞಾನೇಶ್ವರಿ’ ಇರಬಹುದು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ಸೋಲಾಪುರ ಜಿಲ್ಲೆ ಮುಂಬಯಿ ರಾಜ್ಯದಲ್ಲಿ ಉಳಿಯಿತು, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಕರಜಗಿಯಂಥ ಊರುಗಳ ಮನೆಮಾತು ಕನ್ನಡವಾಗಿಯೇ ಉಳಿಯಿತು. ಸೋಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಕಲಿತವರು. ಕನ್ನಡವನ್ನು ತಾವಾಗಿಯೇ ಕಲಿತು ಎರಡೂ ಭಾಷೆಗಳಲ್ಲಿ ಬರೆದರು. 1974ರಲ್ಲಿ ಮಂಡ್ಯದಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಅವರೇ.

ಆದರೆ ಈಗ ಕೆಲವು ಕಪಾಟುಗಳನ್ನು ಕಂಡಾಗ ಕಳವಳವಾಗುತ್ತದೆ. ಮೇಲಿನ ಖಾನೆಯಲ್ಲಿ ಅಜ್ಜನ ಕನ್ನಡ ಪುಸ್ತಕಗಳು, ಕೆಳಗಿನ ಖಾನೆಯಲ್ಲಿ ಮೊಮ್ಮಗನ ಇಂಗ್ಲಿಷ್ ಗೈಡುಗಳು. ನಡುವಿನ ಖಾನೆ ಖಾಲಿ. ಮೊಮ್ಮಗ ಮನೆಯಲ್ಲಿ ಕನ್ನಡವನ್ನೇ ಮಾತಾಡುತ್ತಾನೆ, ಆದರೆ ಅಜ್ಜನ ಪುಸ್ತಕದ ಹೆಸರನ್ನು ಓದಲಾರ. ಇದು ಅವನ ತಪ್ಪಲ್ಲ. ಯಾವ ಶಾಲೆಗೆ ಕಳಿಸಬೇಕೆಂದು ಯೋಚಿಸುವಾಗ ತಂದೆತಾಯಿಗಳಿಗೆ ನೌಕರಿಯ ಚಿಂತೆಯೂ ಇರುತ್ತದೆ, ಅದನ್ನು ತಪ್ಪೆನ್ನಲಾಗದು. ಆದರೂ ಮೇ ತಿಂಗಳ ರಜೆಯಲ್ಲಿ ದಿನಕ್ಕೆ ಅರ್ಧ ಗಂಟೆ ಅಜ್ಜನೇ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಕ್ಷರ ತಿದ್ದಿಸಬಹುದಲ್ಲ! ನಿಮ್ಮ ಮನೆಯಲ್ಲೂ ಅಂಥ ತಮ್ಮ ತಂಗಿಯರಿದ್ದರೆ ಆ ಕೆಲಸ ನಿಮ್ಮಿಂದಲೂ ಆದೀತು. ನಿಮಗೆ ಕನ್ನಡ ಓದಲು ಬರುತ್ತದೆ.

ಈಗ ನಿಮ್ಮ ಕೈಯಲ್ಲಿರುವ ಈ ಪುಸ್ತಕದ ಮಾತು. ಪರೀಕ್ಷೆ ಮುಗಿದ ಮೇಲೆ ಇದು ರದ್ದಿಯವನ ತಕ್ಕಡಿಗೆ ಹೋಗಬಹುದು, ಇಲ್ಲವೇ ನಿಮ್ಮ ಮನೆಯ ಮಾಡದಲ್ಲಿ ಉಳಿಯಬಹುದು. ಅಂದ ಹಾಗೆ, ಮೊದಲ ಪುಟದಲ್ಲಿ ನಿಮ್ಮ ಹೆಸರು ಬರೆದಿದ್ದೀರಾ?