ಮೇಣಕ್ಕೆ ಕಣ್ಣಳತೆ ಸಾಲದು

ಶಿರಾ ತಾಲ್ಲೂಕಿನ ಮದಲೂರಿನಂಥ ಊರುಗಳಲ್ಲಿ ಬೆಲ್ಲದ ಪಾಕ ನೋಡಲು ಯಾರೂ ಥರ್ಮಾಮೀಟರು ಹುಡುಕುವುದಿಲ್ಲ. ಒಂದು ಹನಿ ನೀರಿಗೆ ಬಿಟ್ಟರೆ, ಪಾಕ ಉಂಡೆಗೆ ಬಂತೋ ಇಲ್ಲವೋ ಎಂದು ಬೆರಳೇ ಹೇಳುತ್ತದೆ. ಇದೇ ಭರವಸೆಯಲ್ಲಿ ಪರಿಮಳದ ಮೇಣದ ಬಿಲ್ಲೆ ಮಾಡಲು ಹೊರಟವರು ಎಡವುವುದುಂಟು. ಬತ್ತಿಯಿಲ್ಲದ ಈ ಬಿಲ್ಲೆಯನ್ನು ಪುಟ್ಟ ಬಟ್ಟಲಲ್ಲಿಟ್ಟು ಕೆಳಗೆ ದೀಪ ಹಚ್ಚಿದರೆ, ಕರಗಿ ಕೋಣೆಯೆಲ್ಲ ಘಮಗುಡುತ್ತದೆ.

ಆದರೆ ಮೇಣ, ಪಾಕದಂತೆ ಗುಟ್ಟು ಬಿಟ್ಟುಕೊಡುವುದಿಲ್ಲ. 70 ಡಿಗ್ರಿ ಸೆಲ್ಸಿಯಸ್‌ನಲ್ಲೂ ತಿಳಿ, 120ರಲ್ಲೂ ತಿಳಿ. ನೀರಿನಂತೆ ಕುದಿದು ಎಚ್ಚರಿಸುವುದೂ ಇಲ್ಲ. ಹೊಗೆಯಾಡಿತೆಂದರೆ ಬೆಂಕಿ ಹತ್ತುವ ಹಂತ ಹತ್ತಿರವಾಯಿತೆಂದೇ ಅರ್ಥ.

ಹಾಗಾಗಿ ಮೇಣದ ಪಾತ್ರೆಯನ್ನು ನೇರವಾಗಿ ಒಲೆಯ ಮೇಲೆ ಇಡಬಾರದು. ಅಗಲವಾದ ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಇಡಬೇಕು. ನೀರು 100 ಡಿಗ್ರಿ ದಾಟದು, ಮೇಣವೂ ದಾಟದು. ನೀರು ಬತ್ತದಂತೆ, ಹನಿ ಮೇಣಕ್ಕೆ ಸಿಡಿಯದಂತೆ ನೋಡಿಕೊಳ್ಳಬೇಕು. ಜ್ವರದ ಥರ್ಮಾಮೀಟರು 42 ಡಿಗ್ರಿಗೇ ಮುಗಿಯುವುದರಿಂದ ಅಡುಗೆಯ ಥರ್ಮಾಮೀಟರನ್ನೇ ಕೊಳ್ಳಬೇಕು.

ಸೋಯಾ ಮೇಣವಾದರೆ ಸುಮಾರು 80 ಡಿಗ್ರಿಗೆ ಕಾಯಿಸಿ, ಒಲೆಯಿಂದ ಇಳಿಸಿ, 100 ಗ್ರಾಂಗೆ 6 ಗ್ರಾಂನಷ್ಟು ಸುಗಂಧ ತೈಲ ಬೆರೆಸಿ ಎರಡು ನಿಮಿಷ ನಿಧಾನವಾಗಿ ಕಲಕಬೇಕು. ತೀರಾ ತಣ್ಣಗಿದ್ದರೆ ತೈಲ ಸರಿಯಾಗಿ ಬೆರೆಯದೆ ಬಿಲ್ಲೆಯ ಮೇಲೆ ಬೆವರಿನಂತೆ ಕಾಣಿಸಿಕೊಳ್ಳುತ್ತದೆ. ತೀರಾ ಬಿಸಿಯಿದ್ದರೆ ಪರಿಮಳ ಹಾರಿಹೋಗುತ್ತದೆ. ಒಗ್ಗರಣೆಯ ಘಮ ಪಕ್ಕದ ಮನೆಗೆ ಹೋದಷ್ಟೂ ಸಾರಿನಲ್ಲಿ ಕಡಿಮೆ ತಾನೇ? ಇಡೀ ಸಾಮಾನಿನಲ್ಲಿ ದುಬಾರಿಯಾದದ್ದು ಆ ತೈಲವೇ. ಮೈಗೆ ಹಾಕುವ ಸ್ಪ್ರೇ ಸೆಂಟು ಮಾತ್ರ ಬೇಡ. ಅದರಲ್ಲಿರುವ ಆಲ್ಕೋಹಾಲ್ ಬೇಗ ಹೊತ್ತಿಕೊಳ್ಳುತ್ತದೆ. ಹಸಿ ಮಲ್ಲಿಗೆಯೂ ಬೇಡ. ಅದರ ನೀರಿನಂಶ ಮೇಣದೊಂದಿಗೆ ಬೆರೆಯದು.

ಮೇಣ 60 ಡಿಗ್ರಿಯ ಆಸುಪಾಸಿಗೆ ಇಳಿದ ಮೇಲೆ ಅಚ್ಚಿಗೆ ಹೊಯ್ಯಬೇಕು. ಹೆಚ್ಚು ಬಿಸಿಯಲ್ಲಿ ಹೊಯ್ದರೆ ಆರುವಾಗ ನಡುವೆ ಗುಳಿ ಬೀಳಬಹುದು. ಮೇಣದ ಜಾತಿಯಂತೆ ಈ ಅಂಕಿಗಳು ತುಸು ಬದಲಾಗುತ್ತವೆ. ಚೀಲದ ಮೇಲಿನ ಸೂಚನೆಯೇ ಅಂತಿಮ.

ಖರ್ಚು ಉಳಿಸಲು ಕೆಲವರು ಕೊಬ್ಬರಿ ಎಣ್ಣೆ ಸೇರಿಸುತ್ತಾರೆ. ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ. ಚಳಿಗಾಲದ ಬೆಳಿಗ್ಗೆ ಡಬ್ಬಿಯಲ್ಲಿ ಗಟ್ಟಿಯಾದದ್ದು ಮಧ್ಯಾಹ್ನಕ್ಕೆ ನೀರಾಗುವುದನ್ನು ಎಲ್ಲರೂ ಕಂಡವರೇ. ಬಯಲುಸೀಮೆಯ ಏಪ್ರಿಲ್ ಬಿಸಿಲಿಗೆ ಅಂಥ ಬಿಲ್ಲೆ ಮಾರುವ ಮೊದಲೇ ಮೆತ್ತಗಾದೀತು.

ಅಕಸ್ಮಾತ್ ಮೇಣ ಹೊತ್ತಿಕೊಂಡರೆ ನೀರು ಸುರಿಯಲೇಬಾರದು, ಬೆಂಕಿ ಚಿಮ್ಮಿ ಹರಡುತ್ತದೆ. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಬೇಕು. ಆ ಮುಚ್ಚಳವನ್ನು ಕೆಲಸಕ್ಕೆ ಕೂರುವ ಮೊದಲೇ ಕೈಗೆಟುಕುವಂತೆ ಇಟ್ಟುಕೊಳ್ಳುವುದು ಲೇಸು.